ಏಳು ಬೆಳೆಯ ಜಗಳ

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ನಡುಮನೆಯಲ್ಲಿ ಕೂರುವ ಮೊದಲು ಹಿತ್ತಲಿಗೆ ಹೋಗುತ್ತಾರೆ. ಅಲ್ಲಿ ಹುಡುಗಿ ಕೈಯಾರೆ ಬೀಜ ಆಯ್ದು ಹಾಕಿದ ಹೀರೆಯೋ ಸೋರೆಯೋ ಇರಬೇಕು. ಬಳ್ಳಿ ಚಪ್ಪರ ಬಿಟ್ಟು ಪಕ್ಕದ ಮನೆಯ ಬೇಲಿಯತ್ತ ಕೈ ಚಾಚಿದ್ದರೆ ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಾಫಿ ಕುಡಿದು, "ಜಾತಕ ತೋರಿಸಿ ಹೇಳ್ತೀವಿ" ಎಂದು ಹೊರಡುತ್ತಾರೆ. ಗಂಡಿನ ಕಡೆಗೂ ಇದೇ ಪರೀಕ್ಷೆ. ಅವನು ಹಾಕಿದ ಮೆಣಸಿನ ಗಿಡ ತೋರಿಸಲು ಮನೆಯವರು ಹಿಂದೆ ಮುಂದೆ ನೋಡಿದರೆ ಹೆಣ್ಣಿನ ತಾಯಿ ಬೀದಿಯ ತಿರುವು ದಾಟುವುದರೊಳಗೆ ಸಂಬಂಧ ಮುರಿದಿರುತ್ತದೆ.

ಬೀಜ ಆಯ್ದವರ ಗುಣ ಗಿಡಕ್ಕೆ ಬರುತ್ತದೆ. ಇದಕ್ಕೆ ನಮ್ಮಲ್ಲಿ ಯಾರೂ ಆಶ್ಚರ್ಯಪಡುವುದಿಲ್ಲ, ತಮ್ಮತಮ್ಮ ಅನುಕೂಲ ನೋಡಿಕೊಳ್ಳುತ್ತಾರೆ ಅಷ್ಟೆ. ಪುರಸಭೆಯ ಅಧ್ಯಕ್ಷರಾಗಬೇಕೆಂದು ಆಸೆಯಿರುವವರು ಮೂರು ವರ್ಷ ಮೊದಲೇ ಬೀಜದ ತಂಟೆಗೆ ಹೋಗುವುದನ್ನು ಬಿಟ್ಟು ಹೆಂಡತಿಯಿಂದ ಆಯಿಸುತ್ತಾರೆ. ಪಡಸಾಲೆಯಲ್ಲಿ ಕೂತು ದಾನಧರ್ಮ ಮಾತಾಡುವ ಒಬ್ಬ ದೊಡ್ಡ ಮನುಷ್ಯರ ಅವರೆಯಲ್ಲಿ ಕಾಯಿಗೊಂದೇ ಕಾಳು. ಅವರು ಅದನ್ನು ಹುಳದ ಕಾಟ ಎನ್ನುತ್ತಾರೆ, ನಾವೂ ಹೌದು ಎನ್ನುತ್ತೇವೆ. ಇನ್ನು ಸತ್ತವರ ವಿಷಯ. ಅವರು ಕೊನೆಗೆ ಆಯ್ದಿಟ್ಟ ಬೀಜ ಬಿತ್ತಿದರೆ ಒಂದು ಬೆಳೆಯ ಮಟ್ಟಿಗೆ ಅವರು ಬಂದು ಹೋಗುತ್ತಾರೆ. ಆ ಬೆಳೆಯಿಂದ ಮತ್ತೆ ಬೀಜ ಆಯ್ದರೆ ಅದು ಆಯ್ದವರದಾಗುತ್ತದೆ. ಹಾಗಾಗಿ ತೀರಿಕೊಂಡವರನ್ನು ಯಾವ ವರ್ಷ ಬಿತ್ತಬೇಕು, ಯಾರ್‍ಯಾರು ಇರುವಾಗ ಬಿತ್ತಬೇಕು ಎಂದು ಮನೆಮನೆಗಳಲ್ಲಿ ಲೆಕ್ಕಾಚಾರವಿರುತ್ತದೆ. ಬೀಜವೂ ಹೆಚ್ಚು ದಿನ ಕಾಯುವುದಿಲ್ಲ.

ನಾನು ಈ ಊರಿನ ವಾಚನಾಲಯ ನೋಡಿಕೊಳ್ಳುವವನು. ಓದು ಬಾರದವರಿಗೆ ಕಾಗದ ಓದಿ ಹೇಳುವುದು, ಅವರು ಹೇಳಿದ್ದನ್ನು ಬರೆದುಕೊಡುವುದು ಸಂಬಳವಿಲ್ಲದ ಕೆಲಸ. ಆದರೆ ಸಂಬಳದ ಕೆಲಸಕ್ಕಿಂತ ಅದರಲ್ಲೇ ನನಗೆ ಹೆಸರಿತ್ತು. ಸಾವಿನ ಸುದ್ದಿಯನ್ನು ನಾನು ಓದಿದರೆ ಅರ್ಧ ದುಃಖ ಕಡಿಮೆಯಾಗುತ್ತದೆ ಎಂದು ಜನ ಹೇಳುತ್ತಿದ್ದರು. ನಾನು ಅದನ್ನು ನಂಬಿದ್ದೆ.

ಕೆಳಗಿನ ಕೇರಿಯ ಬಾವಿ ನೀರಿಗೆ ಗೊಬ್ಬರದ ಚೀಲದ ವಾಸನೆ ಬಂದ ವರ್ಷ ಊರಿನವರೆಲ್ಲ ಸೇರಿ, ಇನ್ನು ಮೇಲೆ ಚೀಲವೂ ಬೇಡ, ಸಿಂಪಡಿಸುವ ಔಷಧಿಯೂ ಬೇಡ, ಕೊಟ್ಟಿಗೆ ಗೊಬ್ಬರದಲ್ಲಿ ಬಂದಷ್ಟು ಬರಲಿ ಎಂದು ತೀರ್ಮಾನಿಸಿದರು. ಅಲ್ಲಿಯವರೆಗೆ ಬಿತ್ತುತ್ತಿದ್ದದ್ದು ಹೊರಗಿನಿಂದ ಬರುವ ಪೊಟ್ಟಣದ ರಾಗಿ. ಅದನ್ನು ಆಯ್ದವರು ಯಾರೆಂದು ಯಾರಿಗೂ ತಿಳಿಯದು, ಆದ್ದರಿಂದ ಅದಕ್ಕೆ ಗುಣವೆಂಬುದೇ ಇರಲಿಲ್ಲ. ಸುತ್ತೋಲೆಯಂತೆ ಒಂದೇ ಎತ್ತರ, ಒಂದೇ ಬಣ್ಣ. ಹೊತ್ತುಹೊತ್ತಿಗೆ ಚೀಲ ಸುರಿದರೆ ಹಸಿರಾಗಿರುತ್ತಿತ್ತು, ತಪ್ಪಿದರೆ ಹಳದಿಯಾಗುತ್ತಿತ್ತು. ಚೀಲ ನಿಂತ ಮೇಲೆ ಅದೂ ನಿಂತಿತು. ಆಗ ಎಲ್ಲರಿಗೂ ನೆನಪಾದದ್ದು ಉಗ್ರಪ್ಪನ ಮನೆಯ ಹಳೇ ರಾಗಿ.

ಉಗ್ರಪ್ಪನಿಗೆ ಆ ಹೆಸರಿಟ್ಟವರು ಅವನು ಹುಟ್ಟಿದ ದಿನ ಅವನ ಮುಖ ಸರಿಯಾಗಿ ನೋಡಿರಲಿಲ್ಲವೆಂದು ಕಾಣುತ್ತದೆ. ಅವನ ಕಾಲು ತುಳಿದರೆ ಅವನೇ "ತಪ್ಪಾಯ್ತು" ಎನ್ನುವ ಮನುಷ್ಯ. ಅವನು ಆಯ್ದ ರಾಗಿಯ ಮುದ್ದೆ ಬೆಣ್ಣೆಯಂತೆ ಇಳಿಯುತ್ತಿತ್ತು. ತೆನೆ ತುಂಬಿ ಬಾಗುತ್ತಿತ್ತು. ಆದರೆ ಹೊಲದಲ್ಲಿ ಕಳೆ ಎದ್ದರೆ "ಬನ್ನಿ, ಕೂತ್ಕೊಳ್ಳಿ" ಎಂದು ಜಾಗ ಬಿಟ್ಟುಕೊಡುತ್ತಿತ್ತು. ಬೆಂಕಿ ರೋಗ ಬಂದು ಎಲೆ ಸುಟ್ಟಾಗಲೂ ಪ್ರತಿಭಟಿಸಲಿಲ್ಲ. ಆ ವರ್ಷ ಊರಿನಲ್ಲಿ ಮುದ್ದೆ ಚಿಕ್ಕದಾಯಿತು.

ಮುಂದಿನ ಮಳೆಗಾಲಕ್ಕೆ ವಾಸಂತಿ ಮೇಡಂ ಬಂದರು. ತಳಿ ಬೆಳೆಸುವ ವಿದ್ಯೆ ಕಲಿತವರು. ಚೀಲ ಬಿಟ್ಟ ಊರುಗಳಿಗೆ ಒಗ್ಗುವ ಬೀಜ ಮಾಡಿಕೊಡುವುದು ಅವರ ಕೆಲಸ. ನಮ್ಮೂರಿನ ವಿಚಿತ್ರವನ್ನು ಕೇಳಿ ಅವರು ನಗಲಿಲ್ಲ, ಪುಸ್ತಕದಲ್ಲಿ ಬರೆದುಕೊಂಡರು. ವಾಚನಾಲಯದಲ್ಲಿ ಬೀಜ ಸಮಿತಿಯ ಮೊದಲ ಸಭೆ ನಡೆಯಿತು. ನಾನು ಕಾರ್ಯದರ್ಶಿ.

"ಚೀಲ ಹಾಕೋ ಬೆಳೆ ಅಂದ್ರೆ ಹೋಟ್ಲಲ್ಲಿ ಊಟ ಮಾಡೋ ಮಗ ಇದ್ದಂಗೆ," ಎಂದರು ಮೇಡಂ. "ಕೂತಲ್ಲಿಗೆ ಬರುತ್ತೆ, ತಿನ್ನುತ್ತೆ. ನಿಮಗೆ ಬೇಕಾಗಿರೋದು ಬೇರು ಆಳಕ್ಕಿಳಿಸಿ ತಾನೇ ಹುಡುಕ್ಕೊಂಡು ತಿನ್ನೋದು. ಎಳೇದ್ರಲ್ಲೇ ಎಲೆ ಅಗಲ ಮಾಡಿ ಕಳೆ ಮೇಲೆ ನೆರಳು ಹಾಕ್ಬೇಕು. ರೋಗ ಬಂದ್ರೆ ಬಾ ಅನ್ಬಾರ್ದು. ಅಂಥ ಸ್ವಭಾವದೋರು ಊರಲ್ಲಿ ಯಾರಿದಾರೆ?"

ಸಭೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಬಿಟ್ಟರೆ ದ್ಯಾವೀರಮ್ಮನಿಗೆ ಕೇಳಿಸಿಬಿಟ್ಟೀತೆಂಬ ಭಯ.

ದ್ಯಾವೀರಮ್ಮನ ಮನೆ ಕೆರೆ ಏರಿಯ ಕೆಳಗಿತ್ತು. ಆ ಮನೆಯ ಮುಂದೆ ಬಸ್ ನಿಲ್ಲಿಸುವ ಜಾಗವಿದ್ದರೂ ಕಂಡಕ್ಟರ್ ಇಪ್ಪತ್ತು ಮಾರು ಹಿಂದೆಯೇ ಸೀಟಿ ಊದುತ್ತಿದ್ದ. ಗುಡಿಯ ಗಂಟೆ ಜೋರಾಯಿತೆಂದು ಪೂಜಾರಿಯ ಜೊತೆ, ಮೆಲ್ಲಗಾಯಿತೆಂದು ಅದೇ ಪೂಜಾರಿಯ ಜೊತೆ ಜಗಳವಾಡಿದವಳು. ಗಂಡ ತೀರಿಕೊಂಡ ಮೇಲೆ ತಾಯಿಯ ಜೊತೆ ಇದ್ದಳು. ತಾಯಿ ಸತ್ತ ವರ್ಷ ಒಬ್ಬಳೇ ತಂಗಿ ಹೊನ್ನಮ್ಮನ ಜೊತೆಗೂ ಮಾತು ಬಿಟ್ಟಿತು. ಕಾರಣ ಬೀಜದ ಬುರುಡೆ. ತಾಯಿ ಕೊನೆಯ ಸಲ ಕೈಯಾರೆ ಆಯ್ದ ಅವರೆಯನ್ನು ಬೂದಿ ಬೆರೆಸಿ ಒಣಸೋರೆ ಬುರುಡೆಯಲ್ಲಿ ತುಂಬಿಟ್ಟಿದ್ದಳು. ತಿಥಿ ಮುಗಿಸಿ ಹೊರಡುವಾಗ ಹೊನ್ನಮ್ಮ ಅದನ್ನು ಮಡಿಲಿಗೆ ಹಾಕಿಕೊಂಡು ಹೊಳೆಯಾಚೆಯ ತನ್ನ ಊರಿಗೆ ಹೋಗಿಬಿಟ್ಟಳು. "ಅವ್ವನ್ನ ಹೊತ್ಕೊಂಡು ಹೋದಳು, ಕಳ್ಳಿ," ಎಂದು ದ್ಯಾವೀರಮ್ಮ ಬೀದಿಯಲ್ಲಿ ನಿಂತು ಒಂದು ವಾರ ಕೂಗಿದಳು. ನಮ್ಮೂರಿನ ಲೆಕ್ಕದಲ್ಲಿ ಅದು ಉತ್ಪ್ರೇಕ್ಷೆಯಲ್ಲ.

ಮೇಡಂ ಅವರನ್ನು ನಾನೇ ಕರೆದುಕೊಂಡು ಹೋದೆ. ಹಿತ್ತಲಿನ ಅರ್ಧ ಗುಂಟೆಯಲ್ಲಿ ರಾಗಿ ಇತ್ತು. ಒಂದೇ ಒಂದು ಕಳೆ ಇರಲಿಲ್ಲ. ಗೆಣ್ಣೆಲ್ಲ ಸಿಟ್ಟು ಬಂದ ಮೂಗಿನಂತೆ ನೇರಳೆ ಕೆಂಪು.

"ಯಾವಾಗ ಕಳೆ ತೆಗೆದ್ರಿ ಅಮ್ಮ?" ಎಂದರು ಮೇಡಂ.

"ನಾನ್ಯಾಕವ್ವ ತೆಗೀಲಿ? ಬರಾಕೆ ಅವಕ್ಕೆ ಅದೆಷ್ಟು ಧೈರ್ಯ!"

ಮೇಡಂ ಕೂತು ಒಂದು ಗಿಡ ಕೀಳಲು ನೋಡಿದರು. ಬರಲಿಲ್ಲ. ಎರಡು ಕೈ ಹಾಕಿದರೂ ಬರಲಿಲ್ಲ. ಅವರ ಮುಖ ಅರಳಿತು. ಆದರೆ ತೆನೆ ಸಣ್ಣದು, ಹೊಟ್ಟು ಬಿಗಿ. ಆ ರಾಗಿಯ ಮುದ್ದೆ ಗಂಟಲಲ್ಲಿ ನಿಂತು ವಾದ ಮಾಡುತ್ತದೆಂದು ಊರಿಗೇ ಗೊತ್ತಿತ್ತು. ಆದ್ದರಿಂದ ಉಗ್ರಪ್ಪನ ರಾಗಿಗೂ ದ್ಯಾವೀರಮ್ಮನ ರಾಗಿಗೂ ಬೆರಕೆ ಮಾಡಬೇಕೆಂದಾಯಿತು.

ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು. ಮೇಡಂ ಒಂದು ಉಪಾಯ ಮಾಡಿದರು. ಎರಡೂ ರಾಗಿಯನ್ನು ಒಂದೇ ಪಾತಿಯಲ್ಲಿ ಬೆಳೆಸಿ, ಹೂಬಿಡುವ ಹೊತ್ತಿಗೆ ಇದರ ತೆನೆ ಅದರ ತೆನೆಗೆ ತಗಲುವಂತೆ ಕಟ್ಟಿ, ಮೇಲೆ ಕಾಗದದ ಕವರು ಹಾಕಿದರು. ಉಗ್ರಪ್ಪ ಕೈಕಟ್ಟಿಕೊಂಡು ನಿಂತು ನೋಡುತ್ತಿದ್ದ.

"ನನ್ನ ರಾಗಿಗೆ ಏನೂ ಆಗಲ್ಲ ತಾನೆ ಮೇಡಂ?" ಎಂದು ಕೇಳಿದ.

"ಏನಾಗ್ತದೋ ನಿನ್ ರಾಗಿಗೆ?" ದ್ಯಾವೀರಮ್ಮ ಬೇಲಿಯಾಚೆಯಿಂದ ಗದರಿದಳು. "ನನ್ ರಾಗಿ ಏನ್ ಹುಲಿಯಾ? ನನ್ ರಾಗೀಗೇ ಇಂಥಾ ಗಂಡು ಗಂಟುಬಿತ್ತಲ್ಲ ಅಂತ ನಾನು ಅಳ್ಬೇಕು."

"ತಪ್ಪಾಯ್ತು ದ್ಯಾವೀರಕ್ಕ," ಎಂದ ಉಗ್ರಪ್ಪ.

ಉಗ್ರಪ್ಪನ ರಾಗಿಯ ಗೆಣ್ಣು ಹಸಿರು. ಅದರ ತೆನೆಯಿಂದ ಬಂದ ಕಾಳು ಬಿತ್ತಿದಾಗ ಯಾವ ಸಸಿಯ ಗೆಣ್ಣು ನೇರಳೆಯಾಗಿತ್ತೋ ಅದು ಬೆರೆತದ್ದು. ಅಂಥವು ಹನ್ನೊಂದು ಸಿಕ್ಕವು. ಅದು ಮೊದಲ ಬೆಳೆ. ಮೇಡಂ ಹೇಳಿದರು: "ಮೊದಲನೇದು ಎಲ್ಲಾ ಒಂದೇ ಥರ ಕಾಣುತ್ತೆ, ಮೋಸ ಹೋಗ್ಬೇಡಿ. ಎರಡ್ನೇದ್ರಲ್ಲಿ ಒಡೆದು ಅಣ್ಣ ಒಂಥರ ತಮ್ಮ ಒಂಥರ ಆಗುತ್ತೆ. ಅದ್ರಲ್ಲಿ ಬೇಕಾದ್ದು ಆಯ್ತಾ ಆಯ್ತಾ ಹೋಗ್ಬೇಕು. ಏಳು ಬೆಳೆ. ಅಷ್ಟೂ ಸಲ ದ್ಯಾವೀರಮ್ಮನೋರೇ ಆಯ್ಬೇಕು." ಬೇರೆ ಊರಿನಲ್ಲಿ ಆಯುವವರ ಕಣ್ಣು ಒಂದೇ ಇದ್ದರೆ ಸಾಕು. ನಮ್ಮೂರಿನಲ್ಲಿ ಮನಸ್ಸೂ ಒಂದೇ ಇರಬೇಕು.

ಎರಡನೆಯ ಬೆಳೆಯ ಕೊಯ್ಲಿನಲ್ಲಿ ಎಡವಟ್ಟಾಯಿತು. ದ್ಯಾವೀರಮ್ಮನ ಹಸು ಆಗ ಅವಳಿ ಹೆಣ್ಣುಗರು ಹಾಕಿತ್ತು. ಹತ್ತು ದಿನ ಅವಳು ಬೀದಿಯಲ್ಲಿ ಹೋಗುವವರನ್ನು ಕರೆದು ಗಿಣ್ಣು ಕೊಟ್ಟಳು. ಕಂಡಕ್ಟರನಿಗೂ ಕೊಟ್ಟಳು, ಅವನು ತಿನ್ನಲು ಹೆದರಿದ. ಆ ಹತ್ತು ದಿನದಲ್ಲೇ ಅರ್ಧ ತೆನೆ ಆಯ್ದಿದ್ದಳು. ಮುಂದಿನ ವರ್ಷ ಆ ಸಾಲುಗಳು ಕಳೆಯ ಹೆಗಲ ಮೇಲೆ ಕೈಹಾಕಿಕೊಂಡು ಮಲಗಿಬಿಟ್ಟವು. ಉಳಿದರ್ಧ ಮಾತ್ರ ಎದೆಯುಬ್ಬಿಸಿ ನಿಂತಿತು.

ಸಮಿತಿ ತುರ್ತು ಸಭೆ ಸೇರಿ, ಏಳು ಬೆಳೆ ಮುಗಿಯುವವರೆಗೆ ದ್ಯಾವೀರಮ್ಮನನ್ನು ಯಾರೂ ಸಂತೋಷಪಡಿಸಕೂಡದು ಎಂದು ನಿರ್ಣಯಿಸಿತು. ನಿರ್ಣಯವನ್ನು ನಾನೇ ಬರೆದೆ, ಒಳ್ಳೆಯ ಭಾಷೆಯಲ್ಲಿ. ಅಂಗಡಿಯವನು ಅವಳಿಗೆ ಕೊಡುವ ಬೆಲ್ಲದಲ್ಲಿ ಒಂದು ಇರುವೆ ಇರುವಂತೆ ನೋಡಿಕೊಂಡ. ದರ್ಜಿ ಕುಪ್ಪಸದ ಒಂದು ತೋಳು ಬಿಗಿ ಮಾಡಿದ. ಉಗ್ರಪ್ಪನಿಗೆ ವಾರಕ್ಕೊಮ್ಮೆ ಅವಳ ಬೇಲಿ ತುಳಿಯುವ ಕೆಲಸ. ಅವನು ತುಳಿಯುವ ಮೊದಲೇ ಕ್ಷಮೆ ಕೇಳಿ ಕೆಡಿಸುತ್ತಿದ್ದನಾದ್ದರಿಂದ ಅವನನ್ನು ಬಿಡಿಸಬೇಕಾಯಿತು. ಒಂದು ಊರಿಗೆ ಊರೇ ಒಬ್ಬಳ ಸಿಟ್ಟು ಆರದ ಹಾಗೆ ಬೂದಿ ಮುಚ್ಚಿ ಕಾಯಿತು.

ವಾಸಂತಿ ಮೇಡಂ ಮಾತ್ರ ನಿರ್ಣಯಕ್ಕೆ ಸಹಿ ಹಾಕಲಿಲ್ಲ. "ಇದು ತಳಿ ಮಾಡೋದಲ್ಲ ಸಾರ್. ಚೀಲ ಬಿಟ್ಟು ಈಗ ಮನುಷ್ಯರನ್ನ ಗೊಬ್ಬರ ಮಾಡ್ತಿದೀರಿ," ಎಂದರು.

"ಸಾವಯವವೇ ತಾನೆ ಮೇಡಂ," ಎಂದೆ ನಾನು. ಸಭೆ ನಕ್ಕಿತು. ಆ ನಗು ನನಗೆ ಬಹಳ ದಿನ ರುಚಿಯಾಗಿತ್ತು.

ಮೂರನೆಯ ಬೆಳೆ ಕೊಯ್ಲಿಗೆ ನಾಲ್ಕು ದಿನವಿತ್ತು. ದ್ಯಾವೀರಮ್ಮ ವಾಚನಾಲಯಕ್ಕೆ ಬಂದು ಸೆರಗಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಒಗೆದಳು. "ಪುಸ್ತಕದಯ್ಯಾ, ಹೊಳೆಯಾಚೆಯಿಂದ ಬಂದೈತೆ. ಆ ಕಳ್ಳೀದೇ ಇರ್ಬೇಕು. ಮೆಲ್ಲಗೆ ಓದು, ಊರಿಗೆಲ್ಲ ಕೇಳ್ಸಬೇಡ. ಅದೇನು ಬೊಗಳವ್ಳೋ."

ನಾನು ಮೊದಲು ಮನಸ್ಸಿನಲ್ಲೇ ಓದಿಕೊಂಡೆ. ಹೊನ್ನಮ್ಮ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಗುಂಡಗಿನ ಅಕ್ಷರ. ಬುರುಡೆ ಹೊತ್ತುಕೊಂಡು ಬಂದದ್ದು ತಪ್ಪಾಯಿತೆಂದು ಬರೆದಿದ್ದಳು. ಅವ್ವನ ಅವರೆ ಇನ್ನೂ ಹಾಗೇ ಇದೆ, ಒಬ್ಬಳೇ ಬಿತ್ತಲು ಮನಸ್ಸಾಗಲಿಲ್ಲ. ತನಗೆ ಮೊಣಕಾಲು ಹಿಡಿದುಕೊಂಡಿದೆ, ಹೊಳೆ ದಾಟಲಾರಳು. ಅಕ್ಕ ಬಂದರೆ ಇಬ್ಬರೂ ಸೇರಿ ಬಿತ್ತಿ ಅವ್ವನನ್ನು ಒಂದು ಸಲ ನೋಡಬಹುದು. ಬೀಜ ಇನ್ನೆರಡು ವರ್ಷಕ್ಕಿಂತ ತಡೆಯಲಿಕ್ಕಿಲ್ಲ.

ಕಾಗದದಿಂದ ತಲೆ ಎತ್ತಿದಾಗ ಕಿಟಕಿಯಿಂದ ಆ ಮಲಗಿದ ಸಾಲುಗಳು ಕಾಣುತ್ತಿದ್ದವು. ಒಂದು ಹಸು ಕರು ಹಾಕಿದ್ದಕ್ಕೆ ಅಷ್ಟಾದರೆ ಇದಕ್ಕೆ ಏನಾದೀತು? ಊರಿನ ಅನ್ನ, ಮೂರು ಬೆಳೆಯ ಶ್ರಮ, ಕೆಳಗಿನ ಕೇರಿಯ ಬಾವಿ, ಎಲ್ಲವೂ ನನ್ನ ಮನಸ್ಸಿಗೆ ಬಂದವೆಂದು ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ನಿಜಕ್ಕೂ ಬಂದಿದ್ದವೋ ಇಲ್ಲವೋ. ಮೊದಲ ವಾಕ್ಯ ಬಾಯಿಗೆ ಬಂದದ್ದಂತೂ ಹೌದು, ಅದು ಚೆನ್ನಾಗಿತ್ತು ಎಂಬುದೂ ಹೌದು.

"'ದ್ಯಾವೀರಿಗೆ ಹೊನ್ನಮ್ಮ ಬರೆಯುವುದೇನೆಂದರೆ,'" ಎಂದು ಓದಿದೆ, "'ಬುರುಡೆ ಬುರುಡೆ ಎಂದು ನೀನು ಬೀದಿಯಲ್ಲಿ ಕೂಗುತ್ತಿರುವುದು ಹೊಳೆ ದಾಟಿ ನನ್ನ ಕಿವಿಗೆ ಬಿತ್ತು. ನಿನ್ನ ಹೆಗಲ ಮೇಲೂ ಒಂದು ಬುರುಡೆ ಇದೆಯಲ್ಲ, ಅದು ಸಾಲದೆ? ಅದರಲ್ಲಿ ಬೀಜವಿಲ್ಲ ಎಂಬುದು ನನ್ನ ತಪ್ಪಲ್ಲ.'"

ದ್ಯಾವೀರಮ್ಮ ನೆಟ್ಟಗೆ ಕೂತಳು. ಬಿಚ್ಚಿದ್ದ ಜಡೆಯನ್ನು ಎತ್ತಿ ಗಂಟು ಹಾಕಿಕೊಂಡಳು. ಕಣ್ಣು ಮಿಂಚಿತು. ನಾನು ಅದನ್ನು ಸಿಟ್ಟು ಎಂದು ಬರೆದುಕೊಂಡೆ.

"ಆಮೇಲೆ?"

"'ನೀನು ಕಟ್ಟಿದ ಎಮ್ಮೆ ನಿನಗಿಂತ ಮೆಲ್ಲಗೆ ಕೂಗುತ್ತದಂತೆ. ಬೀಜ ಕೇಳಲು ಬಂದರೆ ಎಮ್ಮೆಯನ್ನು ಕಳಿಸು, ನೀನು ಬರಬೇಡ.'"

"ಹೂಂ. ಬುದ್ಧಿ ಇನ್ನೂ ಹರಿತವಾಗೈತೆ ಮುಂಡೇದಕ್ಕೆ," ಎಂದಳು ದ್ಯಾವೀರಮ್ಮ. "ಬರ್ಕೋ. ಒಂದಕ್ಷರ ಬಿಡಬೇಡ." ಅವಳು ಹೇಳುತ್ತಾ ಹೋದಳು. ಅದನ್ನು ನಾನು ಒಂದಕ್ಷರ ಬಿಡದೆ ಬರೆದೆ. ಆ ಕೆಲಸದಲ್ಲಿ ಪ್ರಾಮಾಣಿಕತೆ ಬಿಟ್ಟವನಲ್ಲ. ಹೊಳೆಯಾಚೆ ಕ್ಷಮೆ ಕೇಳಿದ ಹೆಂಗಸಿಗೆ ಎರಡು ಹಾಳೆ ಬೈಗುಳ ಹೋಗಿ ತಲುಪಿತು. ಬಂದ ಕಾಗದವನ್ನು ದ್ಯಾವೀರಮ್ಮ ಮಡಿಸಿ ಸೆರಗಿಗೆ ಕಟ್ಟಿಕೊಂಡು ಹೋದಳು. ಇನ್ನೊಬ್ಬರಿಗೆ ತೋರಿಸುವಳೆಂಬ ಭಯ ನನಗಿರಲಿಲ್ಲ. ತಂಗಿಯ ಕೈಲಿ ಬೈಸಿಕೊಂಡದ್ದನ್ನು ಊರಿಗೆ ಸಾರುವ ಹೆಂಗಸಲ್ಲ ಅವಳು.

ಮೂರೇ ದಿನ ಬಿಟ್ಟು ಅವಳು ತೆನೆ ಆಯ್ದಳು. ನಾಲ್ಕನೆಯ ಬೆಳೆ ಕೋಟೆ ಗೋಡೆಯಂತೆ ಎದ್ದಿತು. ಸಮಿತಿಯವರು ಬೆಲ್ಲದ ಇರುವೆಯೇ ಕಾರಣವೆಂದು ಅಂಗಡಿಯವನ ಬೆನ್ನು ತಟ್ಟಿದರು. ನಾನೂ ತಟ್ಟಿದೆ.

ಪ್ರತಿ ವರ್ಷ ಕೊಯ್ಲಿಗೆ ಮುಂಚೆ ಹೊನ್ನಮ್ಮನ ಕಾಗದ ಬರತೊಡಗಿತು. ಎರಡು ಹಾಳೆ ಬೈಗುಳ ತಿಂದವಳು ಮತ್ತೆ ಅದೇ ಗುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದಳು. ನಾನು ವರ್ಷವಿಡೀ ತಯಾರಿ ಮಾಡಿಕೊಳ್ಳುತ್ತಿದ್ದೆ. ಸಂತೆಯಲ್ಲಿ, ನಲ್ಲಿಯ ಹತ್ತಿರ, ಎಲ್ಲಿ ಹೆಂಗಸರು ಜಗಳವಾಡಿದರೂ ಕಿವಿ ಅಲ್ಲಿರುತ್ತಿತ್ತು. ವಾಚನಾಲಯದಲ್ಲಿದ್ದ ಹಳೆಯ ಕಾವ್ಯಗಳಲ್ಲಿ ಯುದ್ಧಕ್ಕೆ ಮೊದಲು ವೀರರು ಒಬ್ಬರನ್ನೊಬ್ಬರು ಮೂದಲಿಸುವ ಭಾಗಗಳನ್ನು ಹುಡುಕಿ ಓದಿದೆ. ಕಾಗದ ಹಿಡಿದು ಕೂತಾಗ ಕಣ್ಣನ್ನು ಸಾಲಿನಿಂದ ಸಾಲಿಗೆ ಸರಿಯಾಗಿ ಆಡಿಸುತ್ತಾ, ಮಧ್ಯೆ "ಇಲ್ಲಿ ಅಕ್ಷರ ಅಳಿಸಿದೆ" ಎಂದು ತಡವರಿಸುತ್ತಾ, ನಾನು ಒಬ್ಬ ಹೊನ್ನಮ್ಮನನ್ನು ಕಟ್ಟಿದೆ. ನಾಲಿಗೆ ಹರಿತ, ಹೆದರಿಕೆ ಇಲ್ಲ, ಅಕ್ಕನ ಒಂದೊಂದು ಹುಳುಕೂ ಬಲ್ಲವಳು. ದ್ಯಾವೀರಮ್ಮ ಮಧ್ಯೆ ಮಧ್ಯೆ ತೊಡೆ ತಟ್ಟಿ, "ಅಯ್ಯಯ್ಯೋ, ನೋಡ್ದಾ! ಎಂಟು ವರ್ಷದೋಳಿದ್ದಾಗ್ಲೂ ಹಿಂಗೇ ಕಚ್ಚೋಳು," ಎನ್ನುತ್ತಿದ್ದಳು.

ಆ ಕಾಗದಗಳಲ್ಲಿ ನಿಜಕ್ಕೂ ಏನಿತ್ತು ಎಂಬುದನ್ನು ನಾನು ಓದಿ, ಓದಿದ ಕೂಡಲೇ ಮರೆಯಲು ಪ್ರಯತ್ನಪಡುತ್ತಿದ್ದೆ.

ಐದನೆಯ ಬೆಳೆ ನೋಡಲು ಬಂದ ವಾಸಂತಿ ಮೇಡಂ ಒಂದು ತೆನೆ ಕಿತ್ತು ನನ್ನ ಕೈಗೆ ಕೊಟ್ಟರು. ತೆನೆಯ ಬೆರಳುಗಳು ಒಳಕ್ಕೆ ಮಡಿಸಿಕೊಂಡು ಮಗುವಿನ ಮುಷ್ಟಿಯಂತಿದ್ದವು. ಕಾಳು ದಪ್ಪ. ಬಾಯಿಗೆ ಹಾಕಿದರೆ ಉಗ್ರಪ್ಪನ ರಾಗಿಗಿಂತ ಸಿಹಿ.

"ಬೇರು, ಕಳೆ, ರೋಗ ಎಲ್ಲಾ ಸರಿಯಾಗಿದೆ," ಎಂದರು. "ಆದ್ರೆ ಈ ಸಿಹಿ ಎಲ್ಲಿಂದ ಬಂತು ಸಾರ್? ಮೂರ್ನೇದ್ರಲ್ಲಿ ಇರ್ಲಿಲ್ಲ. ಸಿಟ್ಟು ಮಾಡ್ಕೊಂಡು ಆಯ್ದ ಬೀಜ ಅಲ್ಲ ಇದು. ಆಯಮ್ಮ ಈ ಎರಡು ವರ್ಷದಿಂದ ಖುಷಿಯಾಗಿದಾರೆ."

"ದ್ಯಾವೀರಕ್ಕನಾ?" ಎಂದು ನಕ್ಕೆ.

"ಯಾರಾದ್ರೂ ಪ್ರೀತಿಯಿಂದ ಮಾತಾಡ್ತಿರ್ಬೇಕು ಅವರ ಜೊತೆ. ಖುಷಿಯಾಗಿದ್ರೂ ಗಿಡ ಬಿದ್ದಿಲ್ಲ ಅಂದ್ಮೇಲೆ, ನಿಮ್ಮ ನಿರ್ಣಯ ವಾಪಸ್ ತಗೊಳ್ಳಿ ಸಾರ್. ಬೇಕಾಗಿಲ್ಲ ಅದು."

ಅವತ್ತು ನಾನು ನಿಲ್ಲಿಸಬಹುದಿತ್ತು. ಸಿಟ್ಟು ಬೇಕಾಗಿಲ್ಲವೆಂದು ಬಲ್ಲವರೇ ಹೇಳಿದ್ದರು. ಗಿಡವೂ ಹೇಳಿತ್ತು. ಹೊನ್ನಮ್ಮನ ಆ ವರ್ಷದ ಕಾಗದ ಬರಲು ಇನ್ನೂ ಒಂದು ವಾರವಿತ್ತು. ಆದರೆ ನಾನು ಆ ವರ್ಷಕ್ಕೆಂದು ಒಂದು ಒಳ್ಳೆಯ ಬೈಗುಳ ಕೂಡಿಸಿಟ್ಟಿದ್ದೆ, ಅಜ್ಜಿಯ ಕಾಲದ ಒನಕೆಯಿಂದ ಶುರುವಾಗಿ ದ್ಯಾವೀರಮ್ಮನ ನಡಿಗೆಯಲ್ಲಿ ಮುಗಿಯುವಂಥದ್ದು. ಕಾಗದ ಬಂದಾಗ ಅದನ್ನೇ ಓದಿದೆ. ಕೇಳುವವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನ್ನ ಮಾತಿಗೆ ಅಷ್ಟು ನಕ್ಕವರು ಜನ್ಮದಲ್ಲಿ ಇನ್ನೊಬ್ಬರಿಲ್ಲ.

ಏಳನೆಯ ಬೆಳೆ ಆಳೆತ್ತರ ನಿಂತು, ಈ ಮೂಲೆಯಿಂದ ಆ ಮೂಲೆಗೆ ಒಂದೇ ಗುಣ ತೋರಿಸಿತು. ತಳಿ ನಿಂತಿತೆಂದು ಮೇಡಂ ಹೇಳಿದರು. ದ್ಯಾವೀರಮ್ಮ ಕೊನೆಯ ತೆನೆ ಆಯ್ದು ಮುಗಿಸಿದಳು. ಮನೆಮನೆಗೆ ಒಂದೊಂದು ಸೇರು ಬೀಜ ಹಂಚಿಕೆಯಾಯಿತು. ಕೆಳಗಿನ ಕೇರಿಯವರು ಬಾವಿಯ ನೀರು ತಂದು ಮೇಡಂ ಅವರಿಗೆ ಕುಡಿಸಿದರು. ಈ ವರ್ಷದ ಕಾಗದವನ್ನು ಇದ್ದದ್ದು ಇದ್ದ ಹಾಗೆ ಓದುವುದೆಂದು ನಾನು ನಿರ್ಧರಿಸಿದ್ದೆ. ಇಷ್ಟು ವರ್ಷ ಬೈದ ತಂಗಿ ವಯಸ್ಸಾದ ಮೇಲೆ ಮೆತ್ತಗಾದಳೆಂದರೆ ಯಾರು ಬೇಕಾದರೂ ನಂಬುತ್ತಾರೆ. ಕಥೆಯ ಮುಕ್ತಾಯವನ್ನು ಅಷ್ಟು ನಾಜೂಕಾಗಿ ಯೋಚಿಸಿಟ್ಟಿದ್ದೆ.

ಕಾಗದ ಕೊಯ್ಲು ಮುಗಿದು ಇಪ್ಪತ್ತು ದಿನಕ್ಕೆ ಬಂತು. ವಿಳಾಸದ ಅಕ್ಷರ ಗುಂಡಗಿರಲಿಲ್ಲ.

"ಈ ಸಲ ತಡ ಮಾಡಿದ್ಲು ಮೂದೇವಿ," ಎನ್ನುತ್ತಾ ದ್ಯಾವೀರಮ್ಮ ಕುರ್ಚಿ ಎಳೆದುಕೊಂಡು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಕೂತಳು. "ಹೂಂ, ಶುರು ಮಾಡು."

ಹೊನ್ನಮ್ಮನ ಮಗಳು ಬರೆದಿದ್ದಳು. ನಾನು ನೀರು ಕುಡಿದೆ.

"ದ್ಯಾವೀರಕ್ಕ, ಹೊನ್ನಮ್ಮ ಹೋಗಿಬಿಟ್ಟಳು."

"ಎಲ್ಲಿಗೆ?"

"ತೀರಿಕೊಂಡಳು. ಹುಣ್ಣಿಮೆಯ ಹಿಂದಿನ ದಿನ."

ಅವಳು ಎಲೆ ಜಗಿಯುವುದನ್ನು ನಿಲ್ಲಿಸಲಿಲ್ಲ. "ಇನ್ನೊಂದ್ಸಲ ನೋಡು. ನಾಟಕ ಇರ್ಬೇಕು. ನನ್ನ ಅಳ್ಸಬೇಕು ಅಂತ ಬರ್ದವ್ಳೆ."

"ಮಗಳು ಬರೆದಿದಾಳೆ ಅಕ್ಕ."

"ಏನಂತ?"

ಅರ್ಧ ದುಃಖ ಕಡಿಮೆ ಮಾಡುವ ನನ್ನ ಧ್ವನಿಗೆ ಅವತ್ತು ಏನಾಗಿತ್ತೋ. ಇದ್ದದ್ದನ್ನು ಇದ್ದ ಹಾಗೆ ಓದಿದೆ. "'ದೊಡ್ಡವ್ವಾ, ಅವ್ವ ಪ್ರತಿ ವರ್ಷ ನಿಮ್ಮನ್ನು ಬಾ ಎಂದು ಕರೆದು ಬರೆದಳು. ನೀವು ಬೈದು ಬರೆದಿರಿ. ಅವ್ವ ಅದನ್ನು ಓದಿ, ಅಕ್ಕ ಗಟ್ಟಿಯಾಗಿದ್ದಾಳೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ನಿಮಗೆ ಬರಲು ಇಷ್ಟವಿಲ್ಲದಿದ್ದರೆ ಇಲ್ಲ. ತಿಳಿಸುವುದು ನನ್ನ ಧರ್ಮ.'"

"ಯಾವಾಗ ಕರೆದ್ಲು?" ಎಂದಳು ದ್ಯಾವೀರಮ್ಮ. ಆಮೇಲೆ ಕಾಗದದ ಕಡೆ ನೋಡಿದಳು. ಆಮೇಲೆ ನನ್ನ ಕಡೆ.

ನಾನು ಹೇಳಿದೆ. ಮಲಗಿದ ಸಾಲು, ಸಮಿತಿ, ಊರಿನ ಅನ್ನ ಎಲ್ಲವನ್ನೂ ಹ್ಯಾಗೆ ಜೋಡಿಸಿ ಹೇಳಿದೆನೋ ನೆನಪಿಲ್ಲ. ಮೈಮೇಲೆ ಬೀಳುವ ಬೈಗುಳಕ್ಕೆ ಭುಜ ಬಗ್ಗಿಸಿ ಕಾದೆ. ಬಂದಿದ್ದರೆ ಉಪಕಾರವಾಗುತ್ತಿತ್ತು. ಅವಳು ಎದ್ದು, ಬಾಗಿಲ ಹೊರಗೆ ಹೋಗಿ ಎಲೆ ಉಗಿದು, ಬಾಯಿ ಒರೆಸಿಕೊಂಡು, ಮನೆಯ ಕಡೆ ನಡೆದಳು. ಅವತ್ತು ಬಸ್ಸು ಅವಳ ಮನೆಯ ಮುಂದೆಯೇ ನಿಂತಿತಂತೆ, ಅವಳು ತಲೆ ಎತ್ತಲಿಲ್ಲವಂತೆ. ಊರಿಗೆ ಅವಳೇನೂ ಹೇಳಲಿಲ್ಲ. ಸಮಿತಿಯವರು ಕೆಲಸ ಮುಗಿಯಿತಲ್ಲ ಎಂದು ಈಗ ಅವಳಿಗೆ ಒಳ್ಳೆಯ ಬೆಲ್ಲ ಕೊಡುತ್ತಿದ್ದರು.

ಹದಿನೈದು ದಿನ ಬಿಟ್ಟು ಒಂದು ಮಧ್ಯಾಹ್ನ ಬಂದಳು. ವಾಚನಾಲಯದಲ್ಲಿ ಬೇರೆ ಯಾರೂ ಇರಲಿಲ್ಲ. ಸೆರಗಿನ ಗಂಟು ಬಿಚ್ಚಿ ನಾಲ್ಕು ಕಾಗದಗಳನ್ನು ಸಾಲಾಗಿ ಮೇಜಿನ ಮೇಲಿಟ್ಟಳು. ಮಡಿಕೆಗಳು ಸವೆದಿದ್ದವು. ಓದು ಬಾರದವಳು ಅವನ್ನು ಎಷ್ಟು ಸಲ ಬಿಚ್ಚಿ ಮಡಿಸಿದ್ದಳೋ.

"ಇದು ಎಮ್ಮೇದು. ಇದು ಎಣ್ಣೆ ಬಿದ್ದಿರೋದು, ಒನಕೇದು. ಈ ನೀಲಿ ಇಂಕಿಂದು ನಾನು ಮದ್ವೇಲಿ ಚಪ್ಪಲಿ ಕಳ್ಕೊಂಡಿದ್ದು," ಎಂದು ಬೆರಳಿಟ್ಟು ತೋರಿಸಿದಳು. "ಇದ್ರಾಗೆ ನಿಜವಾಗ್ಲೂ ಏನೈತೋ ಅದನ್ನ ಓದು."

ಓದಿದೆ. ಮೊದಲನೆಯದು ನಿಮಗೆ ಗೊತ್ತು. ಎರಡನೆಯದರಲ್ಲಿ, ನೀನು ಬೈದರೂ ಚಿಂತೆಯಿಲ್ಲ, ಬೈಯುವುದಕ್ಕಾದರೂ ಬಾ ಎಂದಿತ್ತು. ಮೂರನೆಯದರಲ್ಲಿ, ಅವ್ವನ ಅವರೆ ಹತ್ತು ಕಾಳು ನೆನೆಹಾಕಿದೆ, ಎರಡು ಮೊಳೆತವು, ನೀನಿಲ್ಲದೆ ಹೊಲಕ್ಕೆ ಇಡಲು ಮನಸ್ಸಾಗದೆ ಮಡಕೆಯಲ್ಲಿಟ್ಟೆ, ಕೋಳಿ ಕೆದಕಿ ತಿಂದಿತು ಎಂದಿತ್ತು. ನಾಲ್ಕನೆಯದು ಚಿಕ್ಕದು. ಉಳಿದದ್ದೆಲ್ಲ ಹಾಕಿದೆ, ಒಂದೂ ಮೊಳೆಯಲಿಲ್ಲ. ಅವ್ವ ಇನ್ನು ಬರುವುದಿಲ್ಲ ಅಕ್ಕಾ. ಆದರೂ ನೀನು ಬಾ.

ದ್ಯಾವೀರಮ್ಮ ಕೊನೆಯವರೆಗೂ ಕೇಳಿದಳು. ಎಲ್ಲಿಯೂ ಹೂಂಗುಟ್ಟಲಿಲ್ಲ. ಯಾರದೋ ಮನೆಯ ಸುದ್ದಿ ಕೇಳುವವರಂತೆ ಕತ್ತು ವಾರೆ ಮಾಡಿಕೊಂಡು ಕೂತಿದ್ದಳು.

"ಇವ್ಳು ಯಾರೋ ನಂಗೆ ಗೊತ್ತಾಗ್ಲಿಲ್ಲ ಕಣಯ್ಯ," ಎಂದಳು ಆಮೇಲೆ. "ನನ್ ತಂಗಿ ತಪ್ಪಾಯ್ತು ಅಂದೋಳಲ್ಲ. ನಾಕು ವರ್ಷ ನನ್ ಜೊತೆ ಇದ್ದೋಳು ಬ್ಯಾರೆ." ಎಣ್ಣೆ ಬಿದ್ದ ಕಾಗದವನ್ನು ಬೇರೆ ಮಾಡಿ ನನ್ನ ಕಡೆಗೆ ನೂಕಿದಳು. "ಅವ್ಳುನ್ನ ಓದು."

"ಅದು ಕಾಗದದಲ್ಲಿ ಇಲ್ಲ ಅಕ್ಕ."

"ಇಲ್ಲ ಅಂತ ಗೊತ್ತು. ಓದು."

ನಾನು ಕಾಗದ ಕೈಗೆ ತೆಗೆದುಕೊಂಡೆ. ಬಾಯಿ ತೆರೆದೆ. ವರ್ಷವಿಡೀ ಕೂಡಿಸಿ, ತೂಗಿ, ಬೀದಿಯಲ್ಲಿ ನಡೆಯುವಾಗ ಗುನುಗಿಕೊಂಡಿದ್ದ ಆ ಮಾತುಗಳಲ್ಲಿ ಒಂದೂ ಬರಲಿಲ್ಲ. ಒನಕೆ ಎಂದೆ. ಅಜ್ಜಿಯ ಒನಕೆ ಎಂದೆ. ಅಲ್ಲಿಂದ ಮುಂದೆ ಏನಿತ್ತು? ಪಾಠ ಒಪ್ಪಿಸಲು ಬಾರದ ಹುಡುಗನನ್ನು ನೋಡುವಂತೆ ದ್ಯಾವೀರಮ್ಮ ನೋಡಿದಳು. ಕಾದಳು. ಹೊರಗೆ ಯಾರೋ ನಮ್ಮ ಹೊಸ ರಾಗಿಯನ್ನು ಗಾಡಿಗೆ ಹೇರಿಕೊಂಡು ಹೋಗುತ್ತಿದ್ದರು.

"'ಅಜ್ಜಿ ಕಾಲದ ಒನಕೆಗಾದರೂ,'" ಎಂದು ಅವಳೇ ಶುರುಮಾಡಿದಳು, "'ಏಳೋದು ಬೀಳೋದು ಅಂತ ಒಂದು ಲೆಕ್ಕ ಐತೆ ಕಣೇ ದ್ಯಾವೀರಿ...'"

ಒಂದು ಮಾತೂ ತಪ್ಪದೆ ಹೇಳುತ್ತಾ ಹೋದಳು. ನನ್ನ ಧಾಟಿಯಲ್ಲ, ಇನ್ಯಾವುದೋ ಧಾಟಿ. ಸ್ವಲ್ಪ ಮೂಗಿನಿಂದ, ಸ್ವಲ್ಪ ಗಡಿಬಿಡಿಯಿಂದ, ಎಂಟು ವರ್ಷದ ಹುಡುಗಿ ಅಕ್ಕನ ಕೈಗೆ ಸಿಗದೆ ಓಡುತ್ತಾ ಹಿಂದಿರುಗಿ ಕೂಗುವ ಹಾಗೆ. ನಾನು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವಳ ಮಾತು ಎಲ್ಲಿಗೆ ಬಂತೋ ಅಲ್ಲಿಗೆ ಕಣ್ಣು ಬರುವಂತೆ, ಕೋಳಿ ಮತ್ತು ಮಡಕೆ ಮತ್ತು ಎರಡು ಮೊಳಕೆ ಎಂದು ಬರೆದಿದ್ದ ಸಾಲುಗಳ ಮೇಲೆ ಎಡದಿಂದ ಬಲಕ್ಕೆ, ಎಡದಿಂದ ಬಲಕ್ಕೆ ನೋಡುತ್ತಾ ಕೂತೆ.